ಮದುವೆಯ ನಂತರ ಟ್ರೈಕೇರ್: ಡೀರ್ಸ್ ಕಚೇರಿಯಿಂದ ಮೊದಲ ಬಿಲ್‌ವರೆಗೆ

ಸಾಫ್ಟ್‌ವೇರ್ ಹುಡುಗನನ್ನು ಮದುವೆಯಾಗಿ ಅಮೆರಿಕಕ್ಕೆ ಬಂದವಳಿಗೆ ಇಲ್ಲಿನ ವಿಮೆ ಹೇಗೆ ಎಂದು ಹೇಳಿಕೊಡಲು ಕನ್ನಡ ಕೂಟದಲ್ಲಿ ಹತ್ತು ಜನ ಸಿಗುತ್ತಾರೆ. ಇಲ್ಲಿನ ಸೇನೆಯಲ್ಲಿರುವವರನ್ನು ಮದುವೆಯಾಗಿ ಬಂದರೆ ಆ ಸಲಹೆಗಳಲ್ಲಿ ಮುಕ್ಕಾಲು ಪಾಲು ಕೆಲಸಕ್ಕೆ ಬರುವುದಿಲ್ಲ. ಸೇನೆಯ ಕುಟುಂಬಗಳಿಗೆ ಇರುವುದು ಟ್ರೈಕೇರ್ ಎಂಬ ಆರೋಗ್ಯ ವಿಮೆ. ಅದರ ಹೆಸರುಗಳು, ಕಚೇರಿಗಳು, ಗಡುವುಗಳು ಎಲ್ಲವೂ ಬೇರೆ. ನನ್ನ ಕೆಲಸವೆಲ್ಲ ಈಗಷ್ಟೇ ಮುಗಿದಿರುವುದರಿಂದ, ಮರೆಯುವ ಮೊದಲು, ಯಾವುದರ ನಂತರ ಯಾವುದು ಬಂತೋ ಅದೇ ಕ್ರಮದಲ್ಲಿ ಬರೆದಿಡುತ್ತಿದ್ದೇನೆ. ಇದು ಪೂರ್ಣಾವಧಿ ಸೇವೆಯಲ್ಲಿರುವವರ ಹೆಂಡತಿಗೆ ಅನ್ವಯಿಸುವ ಮಾತು. ನಿಮ್ಮ ಮನೆಯವರು ನ್ಯಾಷನಲ್ ಗಾರ್ಡ್ ಅಥವಾ ರಿಸರ್ವ್‌ನಲ್ಲಿದ್ದು, 30 ದಿನಕ್ಕಿಂತ ಹೆಚ್ಚಿನ ಸಕ್ರಿಯ ಸೇವೆಯ ಆದೇಶ ಇಲ್ಲದಿದ್ದರೆ ನಿಮಗಿರುವುದು ಟ್ರೈಕೇರ್ ರಿಸರ್ವ್ ಸೆಲೆಕ್ಟ್. ಅದಕ್ಕೆ ತಿಂಗಳು ತಿಂಗಳು ಹಣ ಕಟ್ಟಬೇಕು, ಲೆಕ್ಕವೂ ಬೇರೆ.

ಮೊದಲು ತಿಳಿಯಬೇಕಾದದ್ದು ಡೀರ್ಸ್. ರಕ್ಷಣಾ ಇಲಾಖೆಯ ಈ ಕಂಪ್ಯೂಟರ್ ದಾಖಲೆಯಲ್ಲಿ ನಿಮ್ಮ ಹೆಸರು ಇಲ್ಲದಿದ್ದರೆ ಆಸ್ಪತ್ರೆ, ಔಷಧಿ ಅಂಗಡಿ, ವಿಮೆ ಕಂಪನಿ ಮೂರರ ಪಾಲಿಗೂ ನೀವು ಸೈನಿಕನ ಹೆಂಡತಿಯಲ್ಲ. ನಿಮ್ಮ ಹೆಸರನ್ನು ನೀವೇ ಹೋಗಿ ಸೇರಿಸಲೂ ಬರುವುದಿಲ್ಲ. ಸೇರಿಸಬೇಕಾದವರು ಗಂಡ. ಅವರ ಭಾಷೆಯಲ್ಲಿ ಆತ ‘ಸ್ಪಾನ್ಸರ್’. ಮುಂದೆ ಎಲ್ಲ ಅರ್ಜಿಯಲ್ಲೂ, ಎಲ್ಲ ಫೋನ್ ಕರೆಯಲ್ಲೂ ಮೊದಲು ಕೇಳುವುದು ಸ್ಪಾನ್ಸರ್ ಯಾರು ಎಂದೇ. ಇಂಜಿನಿಯರಿಂಗ್ ಓದಿ, ಸ್ವಂತ ಸಂಬಳದಲ್ಲಿ ಬದುಕಿದವಳಿಗೆ ಇದು ಸ್ವಲ್ಪ ಚುಚ್ಚುತ್ತದೆ. ನಾಲ್ಕೈದು ಫೋನ್ ಕರೆಗಳಾದ ಮೇಲೆ ಅಭ್ಯಾಸವಾಗುತ್ತದೆ.

ಊರಿನಿಂದ ಹೊರಡುವ ಮುನ್ನ

ನಮ್ಮ ಕಡೆಯವರಿಗೆ ತೊಂದರೆ ಶುರುವಾಗುವುದು ಅಮೆರಿಕದಲ್ಲಿ ಅಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಛತ್ರದಲ್ಲಿ ಆದ ಮದುವೆಗೆ ಲಗ್ನಪತ್ರಿಕೆ, ಫೋಟೋ, ವೀಡಿಯೋ ಎಷ್ಟಿದ್ದರೂ ಡೀರ್ಸ್‌ಗೆ ಬೇಕಾದದ್ದು ಸರ್ಕಾರಿ ವಿವಾಹ ನೋಂದಣಿ ಪ್ರಮಾಣಪತ್ರ. ಮೂಲ ಪ್ರತಿ, ಇಲ್ಲವೇ ಕಚೇರಿಯಿಂದಲೇ ಪಡೆದ ದೃಢೀಕೃತ ನಕಲು. ಜೆರಾಕ್ಸ್ ನಡೆಯುವುದಿಲ್ಲ. ನೋಂದಣಿ ಹಿಂದೂ ವಿವಾಹ ಕಾಯ್ದೆಯಡಿ ಆದರೆ ಬೇಗ ಮುಗಿಯುತ್ತದೆ. ವಿಶೇಷ ವಿವಾಹ ಕಾಯ್ದೆಯಡಿ ಆದರೆ 30 ದಿನಗಳ ನೋಟಿಸ್ ಅವಧಿ ಇದೆ, ರಜೆಯ ಮೇಲೆ ಬಂದ ಸೈನಿಕನಿಗೆ ಅಷ್ಟು ದಿನ ಸಿಗುವುದು ಕಷ್ಟ. ಹಾಗಾಗಿ ರಜೆಯ ದಿನಾಂಕ ಗೊತ್ತಾದ ಕೂಡಲೇ ಯಾವ ಕಾಯ್ದೆ ಎಂದು ತೀರ್ಮಾನಿಸಿಬಿಡಿ.

ಪ್ರಮಾಣಪತ್ರದ ಮೇಲೆ ಎರಡು ದಿನಾಂಕ ಇರುತ್ತವೆ: ಮದುವೆ ಆದ ದಿನ, ನೋಂದಣಿ ಆದ ದಿನ. ಟ್ರೈಕೇರ್‌ನ ಗಡುವುಗಳು ಎಣಿಕೆಯಾಗುವುದು ಮದುವೆ ಆದ ದಿನದಿಂದ. ಧಾರೆ ಆಗಿ ಎರಡು ತಿಂಗಳ ಮೇಲೆ ನಿಧಾನವಾಗಿ ನೋಂದಣಿ ಮಾಡಿಸುವ ನಮ್ಮ ಪದ್ಧತಿಗೆ ಇದು ಸರಿಹೊಂದುವುದಿಲ್ಲ. ಕಾಗದ ಕೈಗೆ ಬರುವಷ್ಟರಲ್ಲಿ, ವಿಮೆಯ ಯೋಜನೆ ಬದಲಿಸಲು ಇರುವ 90 ದಿನಗಳಲ್ಲಿ ಅರವತ್ತು ಕಳೆದಿರುತ್ತದೆ.

ಇನ್ನೊಂದು ಹೆಸರಿನದು. ಕರ್ನಾಟಕದಲ್ಲಿ ಇನಿಶಿಯಲ್‌ನಲ್ಲೇ ಜೀವನ ಸಾಗಿಸಿದವರು ಬಹಳ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಅಕ್ಷರ, ಜನನ ಪ್ರಮಾಣಪತ್ರದಲ್ಲಿ ಬರೀ ಹೆಸರು, ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಅಚ್ಚಾಗುತ್ತದೆ. ಅಲ್ಲಿಂದ ಮುಂದೆ ಸೋಷಿಯಲ್ ಸೆಕ್ಯುರಿಟಿಯಲ್ಲಿ ಒಂದು ಹೆಸರು, ಡೀರ್ಸ್‌ನಲ್ಲಿ ಇನ್ನೊಂದು, ಔಷಧಿ ಅಂಗಡಿಯ ಕಂಪ್ಯೂಟರ್‌ನಲ್ಲಿ ಮೂರನೆಯದು. ಕ್ಲೇಮ್ ತಿರಸ್ಕೃತವಾದಾಗ ‘ಅರ್ಹತೆ ಕಂಡುಬಂದಿಲ್ಲ’ ಎಂದಷ್ಟೇ ಬರುತ್ತದೆ, ಕಾರಣ ಹೆಸರಿನದು ಎಂದು ಯಾರೂ ಹೇಳುವುದಿಲ್ಲ. ವೀಸಾ ಅರ್ಜಿಗೆ ಮುಂಚೆಯೇ ಪಾಸ್‌ಪೋರ್ಟ್‌ನಲ್ಲಿ ಹೆಸರು, ಸರ್‌ನೇಮ್ ಎರಡೂ ಭರ್ತಿಯಾಗುವಂತೆ ಮಾಡಿಸಿಕೊಂಡು, ವಿವಾಹ ಪ್ರಮಾಣಪತ್ರದಲ್ಲೂ ಅಕ್ಷರ ಅಕ್ಷರ ಅದನ್ನೇ ಬರೆಸಿ. ಈ ಒಂದು ಕೆಲಸಕ್ಕೆ ಹಿಡಿಯುವ ಸಮಯ ಮುಂದೆ ಹತ್ತು ಪಟ್ಟು ಉಳಿಯುತ್ತದೆ.

ಜನನ ಪ್ರಮಾಣಪತ್ರವೂ ಬೇಕು. ಹಳೆಯದು ಬರೀ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ, ಅನುವಾದಕರ ದೃಢೀಕರಣದೊಂದಿಗೆ. ಊರಲ್ಲೇ ನಗರಸಭೆ ಅಥವಾ ಪಾಲಿಕೆಯಿಂದ ಎರಡೂ ಭಾಷೆ ಇರುವ ಹೊಸ ಪ್ರತಿ ತೆಗೆಸಿಕೊಂಡರೆ ಅನುವಾದದ ಗೋಜೇ ಇರುವುದಿಲ್ಲ. ಇಲ್ಲಿಗೆ ಬಂದ ಮೇಲೆ ನೆನಪಾದರೆ ಮಿಲಿಟರಿ ಒನ್‌ಸೋರ್ಸ್ ಎಂಬ ಸೇವೆ ಇದೆ. ಸೇನಾ ಕುಟುಂಬಗಳಿಗೆ ದಾಖಲೆ ಅನುವಾದ, ಫೋನಿನಲ್ಲಿ ದುಭಾಷಿ ಎರಡನ್ನೂ ಉಚಿತವಾಗಿ ಕೊಡುತ್ತಾರೆ. ದುಡ್ಡು ಕೊಟ್ಟು ಅನುವಾದ ಮಾಡಿಸುವ ಮೊದಲು ಅಲ್ಲಿ ಕೇಳಿ.

ವೀಸಾ ಬರುವವರೆಗೆ ಊರಲ್ಲೇ ಇದ್ದರೆ

ಇದನ್ನು ಯಾರೂ ಹೇಳುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಡೀರ್ಸ್‌ಗೆ ಸೇರಲು ನೀವು ಅಮೆರಿಕದಲ್ಲಿ ಇರಲೇಬೇಕೆಂದಿಲ್ಲ. ದಾಖಲೆಗಳನ್ನು ತೆಗೆದುಕೊಂಡು ಹೋಗಿ ಗಂಡನೇ ನಿಮ್ಮ ಹೆಸರು ಸೇರಿಸಬಹುದು. ಎಸ್‌ಎಸ್‌ಎನ್, ಅಂದರೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ಇಲ್ಲದಿದ್ದರೆ ತಾತ್ಕಾಲಿಕ ಸಂಖ್ಯೆಯೊಂದನ್ನು ಕೊಡುತ್ತಾರೆ. ಫೋಟೋ, ಬೆರಳಚ್ಚು ಬೇಕಾಗುವುದರಿಂದ ಗುರುತಿನ ಚೀಟಿ ಮಾತ್ರ ನೀವೇ ಹೋದಾಗ. ಹೆಸರು ಸೇರಿದರೆ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಆಸ್ಪತ್ರೆಗೆ ಹೋದ ಖರ್ಚನ್ನೂ ಟ್ರೈಕೇರ್ ಓವರ್‌ಸೀಸ್ ಅಡಿ ಕೇಳಬಹುದು. ಹೊರದೇಶದ ವ್ಯವಹಾರ ನೋಡಿಕೊಳ್ಳುವುದು ಇಂಟರ್‌ನ್ಯಾಷನಲ್ ಎಸ್‌ಒಎಸ್.

ನಮ್ಮೂರಿನ ಆಸ್ಪತ್ರೆಯ ಕೌಂಟರಿನಲ್ಲಿ ಟ್ರೈಕೇರ್ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಕ್ಯಾಶ್‌ಲೆಸ್ ಆಸೆ ಬಿಡಿ. ಮೊದಲು ನೀವು ಕಟ್ಟಿ, ಆಮೇಲೆ ಡಿಡಿ 2642 ಎಂಬ ನಮೂನೆಯಲ್ಲಿ ವಾಪಸ್ ಕೇಳಬೇಕು. ಅದರ ಜೊತೆ ಬೇಕಾದದ್ದು ಯಾವ ಪರೀಕ್ಷೆಗೆ ಎಷ್ಟು ಎಂದು ಬಿಡಿಬಿಡಿಯಾಗಿ ತೋರಿಸುವ ಬಿಲ್, ಏನು ಕಾಯಿಲೆ ಎಂದು ಡಾಕ್ಟರು ಬರೆದದ್ದು, ಹಣ ಕಟ್ಟಿದ್ದಕ್ಕೆ ಪುರಾವೆ. ಕೊನೆಯದರಲ್ಲೇ ಹೆಚ್ಚಿನವರು ಸಿಕ್ಕಿಬೀಳುವುದು. ನಗದು ಕೊಟ್ಟು ಚೀಟಿಯ ಮೇಲೆ ‘ಪೇಯ್ಡ್’ ಎಂದು ಸೀಲ್ ಹಾಕಿಸಿಕೊಂಡರೆ ಪ್ರಶ್ನೆಗಳು ಬರುತ್ತವೆ. ಕಾರ್ಡಿನಲ್ಲಿ ಕಟ್ಟಿ, ಬ್ಯಾಂಕಿನ ಸ್ಟೇಟ್‌ಮೆಂಟ್ ಜೋಡಿಸಿ. ಹೊರದೇಶದ ಕ್ಲೇಮ್‌ಗೆ ಮೂರು ವರ್ಷ ಅವಕಾಶ ಇದೆ, ಅಮೆರಿಕದೊಳಗಿನದಕ್ಕೆ ಒಂದೇ ವರ್ಷ.

ಡೀರ್ಸ್ ಕಚೇರಿ

ಗುರುತಿನ ಚೀಟಿ ಕೊಡುವ ಕಚೇರಿಗೆ ಇಲ್ಲಿ ರ‍್ಯಾಪಿಡ್ಸ್ ಎನ್ನುತ್ತಾರೆ, ಹೆಸರಿಗೆ ತಕ್ಕ ವೇಗವನ್ನು ನಿರೀಕ್ಷಿಸಬೇಡಿ. ದೊಡ್ಡ ನೆಲೆಗಳಲ್ಲಿ ಆನ್‌ಲೈನ್ ಅಪಾಯಿಂಟ್‌ಮೆಂಟ್ ವಾರಗಟ್ಟಲೆ ಮುಂದಕ್ಕೆ ತೋರಿಸುತ್ತದೆ. ಇದಕ್ಕೊಂದು ಉಪಾಯ ಇದೆ. ಭೂಸೇನೆಯವರ ಕುಟುಂಬ ಭೂಸೇನೆಯ ಕಚೇರಿಗೇ ಹೋಗಬೇಕೆಂಬ ನಿಯಮ ಇಲ್ಲ. ನೌಕಾಪಡೆ, ವಾಯುಪಡೆ, ನ್ಯಾಷನಲ್ ಗಾರ್ಡ್, ಯಾವುದರ ಕಚೇರಿಯಾದರೂ ನಡೆಯುತ್ತದೆ. ಊರಾಚೆ ಇರುವ ಸಣ್ಣ ಗಾರ್ಡ್ ಕಚೇರಿಯಲ್ಲಿ ಬೇಗ ಜಾಗ ಸಿಗುವುದುಂಟು. ಬೆಳಿಗ್ಗೆ ಹೊರಡುವ ಮೊದಲು ಫೋನ್ ಮಾಡಿ ಸಿಸ್ಟಂ ನಡೆಯುತ್ತಿದೆಯೇ ಕೇಳಿ. ಡೀರ್ಸ್ ಕೈಕೊಟ್ಟ ದಿನ ಸಾಲಿನಲ್ಲಿದ್ದವರೆಲ್ಲ ಬರಿಗೈಯಲ್ಲಿ ವಾಪಸ್.

ಕೈಯಲ್ಲಿರಬೇಕಾದವು: ವಿವಾಹ ಪ್ರಮಾಣಪತ್ರ, ನಿಮ್ಮ ಜನನ ಪ್ರಮಾಣಪತ್ರ, ಸೋಷಿಯಲ್ ಸೆಕ್ಯುರಿಟಿ ಕಾರ್ಡ್ ಬಂದಿದ್ದರೆ ಅದು, ಎರಡು ಗುರುತಿನ ದಾಖಲೆ. ಎರಡರಲ್ಲಿ ಒಂದು ಸರ್ಕಾರ ಕೊಟ್ಟ ಫೋಟೋ ಇರುವುದಾಗಬೇಕು, ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಗ್ರೀನ್ ಕಾರ್ಡ್ ಬಂದಿದ್ದರೆ ಎರಡನೆಯದಕ್ಕೆ ಅದೇ ಸಾಕು. ಎಲ್ಲವೂ ಮೂಲ ಪ್ರತಿ. ಇದಕ್ಕೆ ಶುಲ್ಕ ಇಲ್ಲ.

ಅರ್ಜಿ ಡಿಡಿ 1172-2. ಗಂಡ ಜೊತೆಗೆ ಬಂದರೆ ಅಲ್ಲೇ ಸಹಿ ಹಾಕುತ್ತಾರೆ, ಕಥೆ ಮುಗಿಯಿತು. ಬರಲಾಗದಿದ್ದರೆ ಮೂರು ದಾರಿ: ತಮ್ಮ ಸೇನಾ ಕಾರ್ಡ್ ಬಳಸಿ ಆನ್‌ಲೈನಿನಲ್ಲಿ ಡಿಜಿಟಲ್ ಸಹಿ, ನೋಟರಿ ಮುಂದೆ ಹಾಕಿದ ಸಹಿ, ಇಲ್ಲವೇ ನಿಮ್ಮ ಹೆಸರಿಗೆ ಪವರ್ ಆಫ್ ಅಟಾರ್ನಿ. ತರಬೇತಿಗೋ ಹೊರದೇಶದ ನಿಯೋಜನೆಗೋ ಹೊರಡುವ ಸುಳಿವು ಸಿಕ್ಕ ತಕ್ಷಣ ಪವರ್ ಆಫ್ ಅಟಾರ್ನಿ ಮಾಡಿಸಿಟ್ಟುಕೊಳ್ಳಿ. ನೆಲೆಯಲ್ಲಿರುವ ಲೀಗಲ್ ಅಸಿಸ್ಟೆನ್ಸ್ ಕಚೇರಿ ಅದನ್ನು ಉಚಿತವಾಗಿ ಬರೆದುಕೊಡುತ್ತದೆ. ಮರುಭೂಮಿಯ ಮಧ್ಯೆ ಇರುವವರಿಂದ ನೋಟರಿ ಸಹಿ ತರಿಸುವುದು ಎಷ್ಟು ಕಷ್ಟ ಎಂದು ಬಿಡಿಸಿ ಹೇಳಬೇಕಿಲ್ಲ.

ಚೀಟಿ ಅಚ್ಚಾಗಿ ಕೈಗೆ ಬಂದಾಗ ಅಲ್ಲೇ ನಿಂತು ಹೆಸರಿನ ಕಾಗುಣಿತ, ಹುಟ್ಟಿದ ದಿನ ನೋಡಿಕೊಳ್ಳಿ. ನಾವು ದಿನ-ತಿಂಗಳು-ವರ್ಷ ಎಂದು ಬರೆಯುವವರು, ಇಲ್ಲಿ ತಿಂಗಳು ಮೊದಲು. ಐದನೇ ತಾರೀಖು ಆಗಸ್ಟ್ ಎಂಟನೇ ತಾರೀಖು ಮೇ ಆಗಿಬಿಡುವುದು ಕೌಂಟರಿನಲ್ಲಿ ಒಂದು ಕ್ಷಣದ ಕೆಲಸ, ಸರಿಪಡಿಸಲು ಮತ್ತೆ ಅಪಾಯಿಂಟ್‌ಮೆಂಟ್. ಹಾಗೆಯೇ ಚೀಟಿಯಲ್ಲಿ ಎರಡು ಸಂಖ್ಯೆಗಳಿರುತ್ತವೆ. ಹತ್ತು ಅಂಕಿಯದು ನಿಮ್ಮ ರಕ್ಷಣಾ ಇಲಾಖೆ ಗುರುತಿನ ಸಂಖ್ಯೆ, ಹನ್ನೊಂದು ಅಂಕಿಯದು ಬೆನಿಫಿಟ್ಸ್ ಸಂಖ್ಯೆ. ಡಾಕ್ಟರ ಕಚೇರಿಯಲ್ಲಿ ವಿಮೆ ಸಂಖ್ಯೆ ಕೇಳಿದರೆ ಕೊಡಬೇಕಾದದ್ದು ಹನ್ನೊಂದು ಅಂಕಿಯದು. ರಿಸೆಪ್ಷನ್‌ನವರು ಹತ್ತು ಅಂಕಿಯದನ್ನು ಬರೆದುಕೊಂಡರೆ ಕ್ಲೇಮ್ ಹೋದ ದಾರಿಯಲ್ಲೇ ಹಿಂತಿರುಗುತ್ತದೆ.

ಎಸ್‌ಎಸ್‌ಎನ್ ತಡವಾಗಿ ಬಂದರೆ ಆ ಕಾರ್ಡ್ ಹಿಡಿದು ಇದೇ ಕಚೇರಿಗೆ ಇನ್ನೊಮ್ಮೆ ಹೋಗಿ ದಾಖಲೆಗೆ ಸೇರಿಸಿಕೊಳ್ಳಬೇಕು. ಚೀಟಿ ಇದೆಯಲ್ಲ ಎಂದು ಇದನ್ನು ಬಿಟ್ಟುಬಿಡುವವರೇ ಹೆಚ್ಚು.

ಪ್ರೈಮೋ ಸೆಲೆಕ್ಟೋ

ಡೀರ್ಸ್‌ಗೆ ಹೆಸರು ಸೇರುವುದು ಒಂದು, ಟ್ರೈಕೇರ್‌ನ ಯಾವ ಯೋಜನೆಯಲ್ಲಿದ್ದೀರಿ ಎಂಬುದು ಇನ್ನೊಂದು. ಸಾಮಾನ್ಯವಾಗಿ ಸೇನಾ ಆಸ್ಪತ್ರೆಯ ಸುತ್ತಲಿನ ಪ್ರದೇಶದಲ್ಲಿದ್ದರೆ ವ್ಯವಸ್ಥೆಯೇ ನಿಮ್ಮನ್ನು ಪ್ರೈಮ್‌ಗೆ ಹಾಕುತ್ತದೆ, ದೂರದಲ್ಲಿದ್ದರೆ ಸೆಲೆಕ್ಟ್‌ಗೆ. ಆಗಿದೆಯೋ ಇಲ್ಲವೋ ಎಂದು ಮಿಲ್‌ಕನೆಕ್ಟ್ ಜಾಲತಾಣದಲ್ಲಿ ನೀವೇ ನೋಡಿ ಖಾತ್ರಿ ಮಾಡಿಕೊಳ್ಳಿ. ಬದಲಿಸಲು ಮದುವೆಯ ದಿನದಿಂದ 90 ದಿನ ಅವಕಾಶ. ಅದು ದಾಟಿದರೆ ನವೆಂಬರ್-ಡಿಸೆಂಬರ್‌ನ ಓಪನ್ ಸೀಸನ್‌ವರೆಗೆ ಕಾಯಬೇಕು, ಅಥವಾ ಮನೆ ಬದಲಾವಣೆ, ಮಗು ಹುಟ್ಟುವುದು ಇಂಥ ಇನ್ನೊಂದು ಬದಲಾವಣೆ ಆಗಬೇಕು.

ಪ್ರೈಮ್‌ನಲ್ಲಿ ಹಣದ ಮಾತೇ ಇಲ್ಲ ಎನ್ನಬಹುದು. ಸೇರುವ ಶುಲ್ಕ ಇಲ್ಲ, ನಿಯಮದಂತೆ ನಡೆದರೆ ಡಾಕ್ಟರ ಭೇಟಿಗೂ ಶುಲ್ಕ ಇಲ್ಲ. ಬದಲಿಗೆ ಕೈಕಟ್ಟು ಇದೆ. ನಿಮಗೊಬ್ಬ ಪಿಸಿಎಂ, ಅಂದರೆ ಗೊತ್ತುಪಡಿಸಿದ ಮೊದಲ ಡಾಕ್ಟರು. ಹೆಚ್ಚಾಗಿ ಅವರು ಸೇನಾ ಆಸ್ಪತ್ರೆಯವರೇ. ಚರ್ಮರೋಗ, ಹೃದಯ, ಮೂಳೆ, ಯಾವ ತಜ್ಞರ ಹತ್ತಿರ ಹೋಗಬೇಕಾದರೂ ಪಿಸಿಎಂ ರೆಫರಲ್, ಅಂದರೆ ಶಿಫಾರಸು, ಬರೆಯಬೇಕು, ಪ್ರಾಂತ್ಯದ ವಿಮಾ ಗುತ್ತಿಗೆದಾರರು ಒಪ್ಪಬೇಕು. ರೆಫರಲ್ ಬರೆದ ಮೇಲೂ ‘ನಮ್ಮಲ್ಲೇ ಆ ತಜ್ಞರಿದ್ದಾರೆ’ ಎಂದು ಸೇನಾ ಆಸ್ಪತ್ರೆ ಅದನ್ನು ತನ್ನ ಕಡೆಗೇ ಎಳೆದುಕೊಳ್ಳಬಹುದು, ಅದು ಅವರ ಹಕ್ಕು. ಕಾಯಿಸುವುದಕ್ಕೂ ಮಿತಿ ಇದೆ: ತುರ್ತಾದರೆ 24 ಗಂಟೆ, ಸಾಮಾನ್ಯ ಭೇಟಿಗೆ 7 ದಿನ, ತಜ್ಞರಿಗೆ 28 ದಿನ. ಇದಕ್ಕಿಂತ ತಡವಾದ ದಿನಾಂಕ ಕೊಟ್ಟರೆ ಈ ಲೆಕ್ಕವನ್ನು ನೆನಪಿಸಿ ಹೊರಗಿನ ಡಾಕ್ಟರ ಹತ್ತಿರ ಕಳಿಸಿ ಎಂದು ಕೇಳಬಹುದು. ಕೇಳದಿದ್ದರೆ ತಾವಾಗಿ ಹೇಳುವವರು ಕಡಿಮೆ.

ಸೆಲೆಕ್ಟ್‌ನಲ್ಲಿ ಟ್ರೈಕೇರ್ ಒಪ್ಪಿದ ಯಾವ ಡಾಕ್ಟರ ಹತ್ತಿರವಾದರೂ ನೇರವಾಗಿ ಹೋಗಬಹುದು, ಹೆಚ್ಚಿನ ಚಿಕಿತ್ಸೆಗೆ ರೆಫರಲ್ ಬೇಡ. ವರ್ಷಕ್ಕೆ ಇಷ್ಟು ಎಂದು ಮೊದಲು ನಿಮ್ಮ ಕೈಯಿಂದ ಕಟ್ಟಬೇಕು (ಇದೇ ಡಿಡಕ್ಟಿಬಲ್), ಅದರ ನಂತರವೂ ಪ್ರತಿ ಭೇಟಿಗೆ ಒಂದು ಪಾಲು. ಎಷ್ಟು ಎಂಬುದು ನಿಮ್ಮವರು ಸೇನೆಗೆ ಸೇರಿದ ದಿನದ ಮೇಲೆ ನಿಂತಿದೆ. 2018ರ ಜನವರಿ 1ಕ್ಕಿಂತ ಮೊದಲು ಸೇರಿದವರು ಎ ಗುಂಪು, ಆಮೇಲಿನವರು ಬಿ ಗುಂಪು. ಮದುವೆ ಯಾವಾಗ ಆಯಿತೆಂಬುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಎ ಗುಂಪಿನಲ್ಲಿ ಇ-4 ಮತ್ತು ಅದಕ್ಕಿಂತ ಕೆಳಗಿನ ದರ್ಜೆಗೆ ಡಿಡಕ್ಟಿಬಲ್ ಒಬ್ಬರಿಗೆ 50 ಡಾಲರ್, ಕುಟುಂಬಕ್ಕೆ 100. ಇ-5ರಿಂದ ಮೇಲೆ 150 ಮತ್ತು 300. ವರ್ಷದಲ್ಲಿ ಕುಟುಂಬದ ಒಟ್ಟು ಕೈಖರ್ಚು 1,000 ಡಾಲರ್ ಮುಟ್ಟಿದರೆ ಒಪ್ಪಿತ ದರದ ಉಳಿದದ್ದು ಟ್ರೈಕೇರ್‌ನದು. ಬಿ ಗುಂಪಿನ ಅಂಕಿಗಳು ವರ್ಷ ವರ್ಷ ಸ್ವಲ್ಪ ಏರುತ್ತಿರುತ್ತವೆ, ಆಯಾ ವರ್ಷದ ಪಟ್ಟಿಯನ್ನೇ ನೋಡಬೇಕು.

ನನ್ನ ಅಭಿಪ್ರಾಯ ಕೇಳಿದರೆ: ನೆಲೆಯ ಹತ್ತಿರ ಮನೆ, ಕಾರು ಓಡಿಸಲು ಇನ್ನೂ ಬರುವುದಿಲ್ಲ, ದೊಡ್ಡ ಕಾಯಿಲೆ ಇಲ್ಲ ಎಂದಾದರೆ ಮೊದಲ ವರ್ಷ ಪ್ರೈಮ್. ಎಲ್ಲ ಒಂದೇ ಕಟ್ಟಡದಲ್ಲಿ, ಒಂದೇ ಪೋರ್ಟಲಿನಲ್ಲಿ ಸಿಗುತ್ತದೆ. ಮೊದಲೇ ಗೊತ್ತಿರುವ ಕಾಯಿಲೆಗೆ ಇಂಥದೇ ತಜ್ಞರು ಬೇಕು ಎಂದಿದ್ದರೆ, ಅಥವಾ ಅವರು ಹೊರದೇಶಕ್ಕೆ ಹೋದಾಗ ನೀವು ಡಾಲಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ಅಕ್ಕನ ಮನೆಯಲ್ಲಿರುವ ಹಾಗಿದ್ದರೆ ಸೆಲೆಕ್ಟ್.

ಪ್ರಾಂತ್ಯದ ವಿಷಯದಲ್ಲಿ ಹಳೆಯ ಮಾಹಿತಿ ನಂಬಬೇಡಿ. ಪೂರ್ವ ಪ್ರಾಂತ್ಯದ ಗುತ್ತಿಗೆದಾರ ಕಂಪನಿ ಹ್ಯೂಮನಾ ಮಿಲಿಟರಿ. ಪಶ್ಚಿಮಕ್ಕೆ 2025ರ ಜನವರಿ 1ರಿಂದ ಟ್ರೈವೆಸ್ಟ್. ಅದೇ ದಿನ ಟೆಕ್ಸಾಸ್, ಒಕ್ಲಹೋಮಾ, ಅರ್ಕನ್ಸಾ, ಲೂಯಿಸಿಯಾನಾ, ಇಲಿನಾಯ್, ವಿಸ್ಕಾನ್ಸಿನ್ ಪೂರ್ವದಿಂದ ಪಶ್ಚಿಮಕ್ಕೆ ಬಂದವು. ಟೆಕ್ಸಾಸ್‌ನವರಿಗೆ ಹ್ಯೂಮನಾಗೆ ಫೋನ್ ಮಾಡಿ ಎಂದು ಯಾರಾದರೂ ಹೇಳಿದರೆ ಅದು ಹಳೆಯ ಕಾಲದ ಮಾತು.

ರೆಫರಲ್ ಪತ್ರ, ಮೊದಲ ಬಿಲ್

ರೆಫರಲ್ ಒಪ್ಪಿಗೆ ಪತ್ರ ಪೋರ್ಟಲಿಗೆ ಬಂದಾಗ ಮೂರು ವಿಷಯ ಓದಿ: ಯಾವ ಡಾಕ್ಟರು, ಎಷ್ಟು ಭೇಟಿ, ಯಾವ ದಿನಾಂಕದವರೆಗೆ. ಆ ಡಾಕ್ಟರು ಹೊಸ ರೋಗಿಗಳನ್ನು ತೆಗೆದುಕೊಳ್ಳುತ್ತಿಲ್ಲ ಎಂದರೆ ಪಕ್ಕದ ಬೀದಿಯ ಇನ್ನೊಬ್ಬರ ಹತ್ತಿರ ಹೋಗಿಬಿಡಬೇಡಿ. ಗುತ್ತಿಗೆದಾರ ಕಂಪನಿಗೆ ಫೋನ್ ಮಾಡಿ ಪತ್ರದಲ್ಲಿ ಹೆಸರು ಬದಲಿಸಿಕೊಳ್ಳಿ. ಪ್ರೈಮ್‌ನಲ್ಲಿದ್ದು ರೆಫರಲ್ ಇಲ್ಲದೆ ತಜ್ಞರ ಹತ್ತಿರ ಹೋದರೆ ಅದಕ್ಕೆ ‘ಪಾಯಿಂಟ್ ಆಫ್ ಸರ್ವೀಸ್’ ಲೆಕ್ಕ: ಮೊದಲು ಒಬ್ಬರಿಗೆ 300 ಡಾಲರ್, ಕುಟುಂಬಕ್ಕೆ 600 ಡಾಲರ್ ಡಿಡಕ್ಟಿಬಲ್, ಆಮೇಲೆ ಒಪ್ಪಿತ ದರದ ಅರ್ಧ ನಿಮ್ಮದು. ಆ ಹಣ ವಾರ್ಷಿಕ ಮಿತಿಗೂ ಜಮಾ ಆಗುವುದಿಲ್ಲ. ಅರ್ಜೆಂಟ್ ಕೇರ್ ಕ್ಲಿನಿಕ್ಕಿಗೆ, ಮನಃಶಾಸ್ತ್ರಜ್ಞರ ಹೊರರೋಗಿ ಭೇಟಿಗೆ ರೆಫರಲ್ ಬೇಡ. ಜೀವಕ್ಕೆ ಅಪಾಯ ಅನ್ನಿಸಿದರೆ 911, ಹತ್ತಿರದ ಆಸ್ಪತ್ರೆ ಯಾವುದಾದರೂ ಸರಿ. 24 ಗಂಟೆಯೊಳಗೆ ಅಥವಾ ಮರುದಿನ ಕಚೇರಿ ತೆರೆದಾಗ ಪಿಸಿಎಂಗೆ ತಿಳಿಸಿದರಾಯಿತು.

ಕೆಲ ವಾರಗಳ ಮೇಲೆ ಅಂಚೆಯಲ್ಲಿ ಒಂದು ಕಾಗದ ಬರುತ್ತದೆ. ಮೇಲೆ ದೊಡ್ಡ ಮೊತ್ತ, ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಅದು ಇಒಬಿ, ಅಂದರೆ ಯಾರ ಪಾಲು ಎಷ್ಟು ಎಂದು ತೋರಿಸುವ ಲೆಕ್ಕದ ಪತ್ರ, ಬಿಲ್ ಅಲ್ಲ, ಹಾಗೆಂದು ಅದರಲ್ಲೇ ಅಚ್ಚಾಗಿರುತ್ತದೆ. ಓದುವ ಬಗೆ ಹೀಗೆ. ಉದಾಹರಣೆಗೆ ಆಸ್ಪತ್ರೆ ಹಾಕಿದ್ದು 400 ಡಾಲರ್, ಪಕ್ಕದಲ್ಲಿ ಟ್ರೈಕೇರ್ ಒಪ್ಪಿದ ದರ 180, ಟ್ರೈಕೇರ್ ಕೊಟ್ಟದ್ದು 180, ಕೊನೆಯಲ್ಲಿ ನಿಮ್ಮ ಪಾಲು ಸೊನ್ನೆ. ನೀವು ನೋಡಬೇಕಾದದ್ದು ಕೊನೆಯ ಕಾಲಂ ಮಾತ್ರ. ಉಳಿದ 220 ಡಾಲರನ್ನು ನೆಟ್‌ವರ್ಕ್ ಡಾಕ್ಟರು, ಅಂದರೆ ಟ್ರೈಕೇರ್ ಜೊತೆ ಒಪ್ಪಂದ ಇರುವವರು, ನಿಮ್ಮಿಂದ ಕೇಳುವ ಹಾಗಿಲ್ಲ. ಸೆಲೆಕ್ಟ್‌ನಲ್ಲಿದ್ದು ನೆಟ್‌ವರ್ಕಿಗೂ ಸೇರದ, ಟ್ರೈಕೇರ್ ದರಕ್ಕೂ ಒಪ್ಪದ ಡಾಕ್ಟರ ಹತ್ತಿರ ಹೋದರೆ ಮಾತ್ರ ಒಪ್ಪಿತ ದರದ ಮೇಲೆ ಶೇ. 15ರವರೆಗೆ ಅವರು ಹೆಚ್ಚುವರಿ ಕೇಳಬಹುದು. ಆಸ್ಪತ್ರೆಯಿಂದ ಬೇರೆಯಾಗಿ ಬಿಲ್ ಬಂದರೆ ಇಒಬಿಯ ಪಕ್ಕ ಇಟ್ಟು ಹೋಲಿಸದೆ ಕಟ್ಟಬೇಡಿ.

ಔಷಧಿಗೆ ಸೇನಾ ಆಸ್ಪತ್ರೆಯ ಫಾರ್ಮಸಿಗಿಂತ ಒಳ್ಳೆಯ ಜಾಗ ಇಲ್ಲ, ಅಲ್ಲಿ ಪೂರ್ತಿ ಉಚಿತ. ಥೈರಾಯ್ಡ್ ಮಾತ್ರೆಯಂಥ ದಿನಾ ತೆಗೆದುಕೊಳ್ಳುವುದಕ್ಕೆ ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್ ಮೂಲಕ ಅಂಚೆಯಲ್ಲಿ 90 ದಿನದ್ದು ತರಿಸಬಹುದು. ಹೊರಗಿನ ನೆಟ್‌ವರ್ಕ್ ಅಂಗಡಿಯಲ್ಲಿ 30 ದಿನದ್ದಕ್ಕೇ 2024, 2025ರಲ್ಲಿ ಜೆನೆರಿಕ್‌ಗೆ 16 ಡಾಲರ್, ಬ್ರಾಂಡ್‌ಗೆ 43 ಡಾಲರ್ ಇತ್ತು. ಊರಿಂದ ತಂದ ಮಾತ್ರೆ ಖಾಲಿಯಾಗುವವರೆಗೆ ಕಾಯಬೇಡಿ. ಪಿಸಿಎಂ ನಿಮ್ಮನ್ನು ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಹೊಸದಾಗಿ ಬರೆದುಕೊಡಲು ಸಮಯ ಹಿಡಿಯುತ್ತದೆ. ಊರಿನ ಡಾಕ್ಟರ ಚೀಟಿ ಇಲ್ಲಿನ ಅಂಗಡಿಯಲ್ಲಿ ನಡೆಯುವುದಿಲ್ಲ. ಚೀಟಿಯಲ್ಲಿ ಬ್ರಾಂಡಿನ ಹೆಸರಷ್ಟೇ ಇದ್ದರೆ ಒಳಗಿನ ಔಷಧದ ಹೆಸರು, ಮಿಲಿಗ್ರಾಂ ಎರಡನ್ನೂ ಬರೆಸಿಕೊಂಡು ಬನ್ನಿ.

ಟ್ರೈಕೇರ್‌ನೊಳಗೆ ಇಲ್ಲದ್ದು

ಹಲ್ಲು ಇದರಲ್ಲಿಲ್ಲ. ಯುನೈಟೆಡ್ ಕನ್ಕಾರ್ಡಿಯಾ ನಡೆಸುವ ಟ್ರೈಕೇರ್ ಡೆಂಟಲ್ ಪ್ರೋಗ್ರಾಂಗೆ ಬೇರೆ ಸೇರಬೇಕು, ತಿಂಗಳ ಕಂತಿದೆ, ನಿಮ್ಮವರ ಸೇವೆ ಇನ್ನೂ 12 ತಿಂಗಳಾದರೂ ಉಳಿದಿರಬೇಕು. ಇಲ್ಲಿ ಒಂದು ರೂಟ್ ಕೆನಾಲ್‌ನ ಬೆಲೆ ಕೇಳಿದ ಮೇಲೆ ಆ ಕಂತು ಹೆಚ್ಚೆನ್ನಿಸುವುದಿಲ್ಲ.

ಕಣ್ಣಿನ ಪರೀಕ್ಷೆ ವರ್ಷಕ್ಕೊಮ್ಮೆ ಸಿಗುತ್ತದೆ, ಕನ್ನಡಕದ ಖರ್ಚು ನಿಮ್ಮದೇ. ಕನ್ನಡಕಕ್ಕೆ ಫೆಡ್‌ವಿಪ್ ಎಂಬ ಯೋಜನೆ ಇದೆ, ಬೆನೆಫೆಡ್ಸ್ ಜಾಲತಾಣದಲ್ಲಿ ಸೇರಬಹುದು. ಇದರ ಗಡುವು ಮಾತ್ರ 90 ದಿನವಲ್ಲ: ಮದುವೆಗೆ 31 ದಿನ ಮೊದಲಿನಿಂದ 60 ದಿನ ನಂತರದವರೆಗೆ. ಎರಡೂ ಒಂದೇ ಎಂದುಕೊಂಡು ಎಷ್ಟೋ ಜನ ಇದನ್ನು ಕಳೆದುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಹೊರಡುವ ಮೊದಲು ಎರಡು ಜೊತೆ ಕನ್ನಡಕ ಮಾಡಿಸಿಕೊಂಡು ಬಂದರೆ ಈ ಚಿಂತೆಯೇ ಇಲ್ಲ. ಬೆನ್ನುನೋವಿಗೆ ಕೈರೋಪ್ರಾಕ್ಟರ್, ಅಕ್ಯುಪಂಕ್ಚರ್ ಎರಡೂ ಹೆಂಡತಿಯ ಪಾಲಿಗೆ ಇಲ್ಲ.

ಮದುವೆ ನಿಶ್ಚಯವಾದವರಿಗೆ ಕೊಡುವ ಕೆ-1 ವೀಸಾದಲ್ಲಿ ಬಂದು ಇಲ್ಲೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವವರಿಗೆ ಐ-693 ವೈದ್ಯಕೀಯ ನಮೂನೆ ಬೇಕಾಗಬಹುದು. ಹೊರಗೆ ಅದಕ್ಕೆ ನೂರಾರು ಡಾಲರ್ ಕೇಳುತ್ತಾರೆ. ಸೇನಾ ಆಸ್ಪತ್ರೆಯ ಡಾಕ್ಟರಿಗೂ ಸೈನಿಕರ ಕುಟುಂಬಕ್ಕೆ ಅದನ್ನು ತುಂಬಿಕೊಡುವ ಅಧಿಕಾರವನ್ನು ವಲಸೆ ಇಲಾಖೆ ಕೊಟ್ಟಿದೆ. ಎಲ್ಲ ಆಸ್ಪತ್ರೆಯೂ ಮಾಡುವುದಿಲ್ಲ, ಆದರೂ ಕೇಳಿ ನೋಡಿ.

ಕೆಲಸಕ್ಕೆ ಸೇರಿದ ಮೇಲೆ

ಹೆಂಡತಿಗೂ ಸ್ವಂತ ಕೆಲಸ ಇದ್ದು, ಕಂಪನಿ ವಿಮೆ ಕೊಟ್ಟರೆ ಲೆಕ್ಕ ಬದಲಾಗುತ್ತದೆ. ಎರಡೂ ಇದ್ದಾಗ ಕಂಪನಿಯ ವಿಮೆ ಮೊದಲು ಕೊಡಬೇಕು, ಉಳಿದದ್ದಕ್ಕೆ ಟ್ರೈಕೇರ್. ಬೇರೆ ವಿಮೆ ಇದೆ ಎಂದು ತಿಳಿಸದಿದ್ದರೆ ಕೊಟ್ಟ ಹಣವನ್ನೂ ವಾಪಸ್ ಕೇಳುತ್ತಾರೆ. ಸಾಫ್ಟ್‌ವೇರ್ ಕಂಪನಿಗಳು ಹೆಚ್ಚಾಗಿ ತೋರಿಸುವ ಎಚ್‌ಎಸ್‌ಎ (ಆರೋಗ್ಯ ಖರ್ಚಿಗೆಂದು ತೆರಿಗೆ ಇಲ್ಲದೆ ಉಳಿಸುವ) ಖಾತೆಗೆ ಟ್ರೈಕೇರ್ ಇರುವವರು ಹಣ ಹಾಕುವಂತಿಲ್ಲ, ಆದಾಯ ತೆರಿಗೆ ನಿಯಮ ಒಪ್ಪುವುದಿಲ್ಲ. ಎಚ್‌ಆರ್‌ನವರಿಗೆ ಇದು ಗೊತ್ತಿರುವುದು ಅಪರೂಪ, ನೀವೇ ಗೊತ್ತಿಟ್ಟುಕೊಳ್ಳಬೇಕು. ಪ್ರೈಮ್ ಉಚಿತವಿರುವಾಗ ಕಂಪನಿಯ ವಿಮೆಗೆ ಸಂಬಳದಿಂದ ಕಂತು ಕಟ್ಟುವುದು ನನ್ನ ಲೆಕ್ಕದಲ್ಲಿ ದಂಡ. ಸೇನಾ ಆಸ್ಪತ್ರೆ ದೂರವಿದ್ದರೆ ಮಾತ್ರ ಯೋಚಿಸಬಹುದು.

ಒಂಟಿತನಕ್ಕೂ ಒಂದು ದಾರಿ ಹೇಳಿಬಿಡುತ್ತೇನೆ. ಅವರು ತಿಂಗಳುಗಟ್ಟಲೆ ಮನೆಯಲ್ಲಿರುವುದಿಲ್ಲ, ಅಮ್ಮನಿಗೆ ಫೋನ್ ಮಾಡೋಣವೆಂದರೆ ಅಲ್ಲಿ ನಡುರಾತ್ರಿ. ಮಿಲಿಟರಿ ಒನ್‌ಸೋರ್ಸ್‌ನಲ್ಲಿ ಒಂದು ವಿಷಯಕ್ಕೆ ಹನ್ನೆರಡು ಸಲದವರೆಗೆ ಆಪ್ತಸಮಾಲೋಚನೆ ಉಚಿತ, ವಿಮೆಗೂ ಅದಕ್ಕೂ ಸಂಬಂಧ ಇಲ್ಲ.

ಅಪ್ಪ-ಅಮ್ಮ ಬಂದಾಗ

ಬಾಣಂತನಕ್ಕೆಂದು ಊರಿಂದ ಬರುವ ಅಮ್ಮನಿಗೆ, ಅತ್ತೆಗೆ ಟ್ರೈಕೇರ್ ಇಲ್ಲ. ಅವರ ಜೀವನ ನಿರ್ವಹಣೆಯ ಅರ್ಧಕ್ಕಿಂತ ಹೆಚ್ಚು ಖರ್ಚನ್ನು ಸೈನಿಕನೇ ಹೊರುತ್ತಿದ್ದಾನೆಂದು ಸಾಬೀತುಪಡಿಸಿ ಅವಲಂಬಿತರಾಗಿ ಸೇರಿಸಿದರೂ ಸಿಗುವುದು ಸೇನಾ ಆಸ್ಪತ್ರೆಯಲ್ಲಿ ಜಾಗ ಇದ್ದರೆ ನೋಡುವ ಸೌಲಭ್ಯ ಅಷ್ಟೇ. ಭೇಟಿಗೆ ಬರುವವರಿಗೆ ಪ್ರಯಾಣಿಕರ ವಿಮೆ ಬೇರೆ ಮಾಡಿಸಿ, ಬಿಪಿ-ಶುಗರ್ ಇದ್ದರೆ ಹಳೆಯ ಕಾಯಿಲೆಗೂ ಅನ್ವಯಿಸುತ್ತದೆಯೇ ಎಂದು ಓದಿ ಮಾಡಿಸಿ.

ಮಗುವಿಗೆ ಮಾತ್ರ ಹುಟ್ಟಿದ ದಿನದಿಂದಲೇ ರಕ್ಷಣೆ ಇರುತ್ತದೆ. ಆದರೆ 90 ದಿನದೊಳಗೆ ಡೀರ್ಸ್‌ಗೆ ಸೇರಿಸಬೇಕು. ಇದಕ್ಕೂ ಡಿಡಿ 1172-2, ಇದಕ್ಕೂ ಗಂಡನ ಸಹಿ. ಹೆರಿಗೆಯ ಹೊತ್ತಿಗೆ ಅವರು ಊರಲ್ಲಿರುತ್ತಾರೋ ಇಲ್ಲವೋ, ಪವರ್ ಆಫ್ ಅಟಾರ್ನಿಯ ಅವಧಿ ಮುಗಿದಿಲ್ಲವೆಂದು ಏಳನೇ ತಿಂಗಳಲ್ಲೇ ನೋಡಿಕೊಳ್ಳಿ. ಮಗುವಿಗೆ ಅಪ್ಪನ ಹೆಸರನ್ನು ಸರ್‌ನೇಮ್ ಮಾಡುತ್ತೀರೋ, ಮನೆತನದ ಹೆಸರೋ, ಊರ ಹೆಸರೋ ಎಂಬುದನ್ನು ಆಸ್ಪತ್ರೆಯಲ್ಲಿ ಜನನ ಪ್ರಮಾಣಪತ್ರದ ಅರ್ಜಿ ತಂದುಕೊಡುವ ಮುಂಚೆಯೇ ಮನೆಯಲ್ಲಿ ಜಗಳವಾಡಿ ತೀರಿಸಿಕೊಂಡಿರಿ.